ಮೆಟ್ಟಿಲಿಳಿದು ಬಂದ ಹುಡುಗಿ

ಆ ಪುಸ್ತಕ ನಮ್ಮ ಮನೆಗೆ ಬಂದದ್ದು ಹುಳಕ್ಕೆ ಹಾಸಲು. ಓದುವುದಕ್ಕೆ ಅಲ್ಲ. ನಮಗೆ ಗೊತ್ತಿದ್ದ ಒಂದಕ್ಷರವೂ ಅದರಲ್ಲಿರಲಿಲ್ಲ.

೧೯೭೦ರ ಡಿಸೆಂಬರು. ಸೂಲಿಬೆಲೆ ಕಡೆಯ ವಿಜಯಪುರಕ್ಕೆ ಎರಡು ಮೈಲಿ ದೂರದ ನಮ್ಮ ಊರಿನಲ್ಲಿ ಆಗ ರೇಷ್ಮೆ ಹುಳ ಸಾಕದ ಮನೆ ಇರಲಿಲ್ಲ. ಬಿದಿರಿನ ತಟ್ಟೆಗೆ ಹಳೇ ಕಾಗದ ಹಾಸಿ, ಅದರ ಮೇಲೆ ಮರಿಹುಳ ಬಿಟ್ಟು, ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಬೇಕು. ಕಾಗದ ಸಿಗುವುದೇ ಕಷ್ಟ. ಇಡೀ ಊರಿಗೆ ಬರುತ್ತಿದ್ದುದು ಒಂದು ಪೇಪರು, ಅದೂ ಪಟೇಲರ ಮನೆಗೆ. ನಮ್ಮಣ್ಣ ಗಂಗಣ್ಣ ಸರಕಾರದ ರೇಷ್ಮೆ ಕೇಂದ್ರಕ್ಕೆ ಮೊಟ್ಟೆ ತರಲು ಹೋದಾಗಲೆಲ್ಲ ಅಲ್ಲಿನ ಜವಾನನನ್ನು ಪುಸಲಾಯಿಸಿ ಒಂದು ಕಟ್ಟು ರದ್ದಿ ಹೊತ್ತು ತರುತ್ತಿದ್ದ. ಆ ವರ್ಷ ಕೇಂದ್ರಕ್ಕೆ ಜಪಾನಿನಿಂದ ಹುಳದ ತಜ್ಞರೊಬ್ಬರು ಹೆಂಡತಿ ಸಮೇತ ಬಂದಿದ್ದರು. ಅವರ ಪೆಟ್ಟಿಗೆಗಳಲ್ಲಿ ತುರುಕಿ ತಂದಿದ್ದ ಕಾಗದವೂ ಈ ಸಲದ ಕಟ್ಟಿನಲ್ಲಿ ಸೇರಿಕೊಂಡಿತ್ತು.

ಕಾಗದ ಹರಿಯುವುದು ನನ್ನ ಕೆಲಸ. ನಾನು ಕದಿರಮ್ಮ. ಆಗ ನನಗೆ ಹತ್ತೊಂಬತ್ತು ವರ್ಷ. ಏಳನೇ ಕ್ಲಾಸು ಪಾಸು ಮಾಡಿದ್ದೆ. ನಮ್ಮ ಬೀದಿಯಲ್ಲಿ ಅಷ್ಟು ಓದಿದ ಹೆಂಗಸು ಇನ್ನೊಬ್ಬಳಿರಲಿಲ್ಲ, ಆ ಕೊಬ್ಬು ನನಗೆ ಸಾಕಷ್ಟಿತ್ತು. ಕಟ್ಟು ಬಿಚ್ಚಿದಾಗ ರಟ್ಟು ಕಿತ್ತುಹೋದ ಒಂದು ದಪ್ಪ ಪುಸ್ತಕ ಸಿಕ್ಕಿತು. ಪುಟದ ತುಂಬ ಮನೆ ಮನೆ ಗೆರೆ ಎಳೆದು, ಒಂದೊಂದು ಮನೆಯಲ್ಲೂ ಒಂದೊಂದು ಚಿತ್ರ. ಕಾಗದ ಒರಟಾಗಿತ್ತು, ಹುಳಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಹರಿಯಲು ಕೈ ಹಾಕಿದೆ, ನನ್ನ ಅತ್ತಿಗೆ ಪಿಳ್ಳಮ್ಮ ಮಣಿಕಟ್ಟು ಹಿಡಿದುಕೊಂಡಳು.

"ಹರೀಬೇಡ ಕಣೆ. ಇದ್ರಲ್ಲಿ ಒಂದು ಮಗು ಐತೆ."

ಇತ್ತು. ಮುಖದ ಅರ್ಧ ಬರೀ ಕಣ್ಣೇ ಆಗಿದ್ದ ಒಂದು ಹುಡುಗಿ, ಕುತ್ತಿಗೆಗೆ ಸುತ್ತಿದ ಬಟ್ಟೆ, ಹಿಂದೆ ಒಂದು ಮೋಟುಬಾಲದ ನಾಯಿ. ಪುಟ ಪುಟದಲ್ಲೂ ಅವಳೇ. ಪಿಳ್ಳಮ್ಮ ಆ ಪುಸ್ತಕವನ್ನು ಸೆರಗಿನಲ್ಲಿ ಒರೆಸಿ ಗೋಡೆಯ ಗೂಡಿನಲ್ಲಿಟ್ಟಳು. ಆವತ್ತು ಹುಳಕ್ಕೆ ಹಳೇ ಪಂಚಾಂಗ ಹಾಸಿದೆವು.

ಪಿಳ್ಳಮ್ಮನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅವಳು ನಮ್ಮಣ್ಣನಿಗೆ ಕೂಡಿಕೆಯಾಗಿ ಬಂದವಳು. ಮೊದಲ ಗಂಡ ತೀರಿಕೊಂಡಾಗ ಅವಳಿಗೆ ಇಪ್ಪತ್ತೆರಡು, ಕಂಕುಳಲ್ಲಿ ನಾಲ್ಕು ವರ್ಷದ ಹೆಣ್ಣುಮಗು, ಹೆಸರು ಪಾಪಮ್ಮ. ಕೂಡಿಕೆಯಾದರೆ ಹೆಂಗಸು ಮಾತ್ರ ಹೊಸ ಮನೆಗೆ ಬರುತ್ತಾಳೆ, ಮಗು ತಂದೆಯ ಮನೆಗೇ ಸೇರಿದ್ದು. ನಮ್ಮವರ ಕಟ್ಟಳೆ ಅದು, ಯಾರು ಮಾಡಿದರೋ ಅವರ ಬಾಯಿಗೆ ಮಣ್ಣು ಹಾಕ. ಮಗುವನ್ನು ಸೂಲಿಬೆಲೆ ಪಕ್ಕದ ಹಳ್ಳಿಯಲ್ಲಿ ಅತ್ತೆ ಅಕ್ಕಯಮ್ಮನ ಹತ್ತಿರ ಬಿಟ್ಟು ಬಂದಿದ್ದಳು. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಎಂಟು ವರ್ಷದಲ್ಲಿ ಒಂದು ದಿನವೂ ಹೋಗಿರಲಿಲ್ಲ. ಹೋಗಬೇಡ ಎಂದು ಯಾರೂ ಅಂದವರಲ್ಲ. ತನ್ನನ್ನು ನೋಡಿ ಮಗು ಮುಖ ತಿರುಗಿಸಿಬಿಟ್ಟರೆ ಎಂಬ ಹೆದರಿಕೆ ಅವಳಿಗೆ. ಅದನ್ನು ನನಗೊಬ್ಬಳಿಗೇ ಹೇಳಿದ್ದಳು. ನಮ್ಮ ಮನೆಗೆ ಬಂದ ಮೇಲೆ ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ.

ಮೊಟ್ಟೆ ಒಡೆದು ಮರಿಹುಳ ಬಂದ ಮಾರನೇ ದಿನ ರೇಷ್ಮೆಗೂಡಿನ ವ್ಯಾಪಾರದ ಚಿಕ್ಕವೆಂಕಟಪ್ಪ ಸೈಕಲ್ಲಿನಲ್ಲಿ ಬಂದ. ಊರೂರು ಸುತ್ತುವವನು, ಸುದ್ದಿಯನ್ನೂ ಹೊತ್ತು ತರುತ್ತಿದ್ದ.

"ಪಿಳ್ಳಮ್ಮ, ನಿಮ್ಮ ಹಳೇ ಅತ್ತೆ ಹೇಳಿ ಕಳ್ಸವ್ಳೆ. ಎದೆನೋವಂತೆ, ಎದ್ದು ಓಡಾಡೋಕಾಗ್ತಿಲ್ಲ. ಸಂಕ್ರಾಂತಿ ಒಳಗೆ ನೀನೇ ಬಂದ್ರೆ ಮಗೀನ ನಿನ್ನ ಕೈಗೆ ಒಪ್ಪಿಸ್ತಾಳಂತೆ. ಬರ್ದಿದ್ರೆ ಅವಳ ಇನ್ನೊಬ್ಬ ಮಗ ಆವಲಪ್ಪ ಮದನಪಲ್ಲಿಗೆ ಕರ್ಕೊಂಡು ಹೋಗ್ತಾನೆ, ಆಮೇಲೆ ನನ್ನ ಕೇಳ್ಬೇಡ ಅಂದವ್ಳೆ."

ಅಣ್ಣ ಚಿಲುಮೆ ಕೆಳಗಿಟ್ಟು, "ಬರ್ಲಿ ಬಿಡು. ಒಂದು ಮುದ್ದೆ ಜಾಸ್ತಿ ಮಾಡಿದ್ರಾಯ್ತು" ಅಂದ. ನಮ್ಮಣ್ಣ ಮಾತು ಕಮ್ಮಿ ಆಡುವವನು, ಆಡಿದರೆ ಇಂಥದ್ದು.

ಇನ್ನುಳಿದದ್ದು ಪಿಳ್ಳಮ್ಮನ ಧೈರ್ಯ, ಅದರ ಜೊತೆಗೆ ಹುಳದ ಮನೆಯ ಮಡಿ. ಕಾಯಿಲೆಯ ಮನೆಗೆ ಹೋಗಿ ಬಂದವರನ್ನು ಬೆಳೆ ಮುಗಿಯುವ ತನಕ ಹುಳದ ಮನೆಯೊಳಗೆ ಬಿಡುವುದಿಲ್ಲ. ಒಂದೇ ದಿನ ಹೋಗಿ ಬಂದರೂ ಅವಳು ಹೊರಗೆ. ಅವಳು ಯೋಚನೆ ಮಾಡಿ ಒಂದು ದಾರಿ ಹುಡುಕಿದಳು. ಹುಳ ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಒಂದು ಬೆಳೆಗೆ ಇಂಥ ನಾಲ್ಕು ಜ್ವರ. ಜ್ವರದ ದಿನ ಸೊಪ್ಪು ಹಾಕುವಂತಿಲ್ಲ, ಹೆಂಗಸರಿಗೆ ಬಿಡುವು.

"ಮೂರನೇ ಜ್ವರದ ದಿನ ಹೋಗಿ ಕರ್ಕೊಂಡು ಬರ್ತೀನಿ ಕದಿರಿ. ಆಮೇಲೆ ನಾನು ತೋಟದಿಂದ ಸೊಪ್ಪು ತಂದು ಬಾಗಿಲಿಗೆ ಹಾಕ್ತೀನಿ, ಒಳಗಿಂದು ನೀನು ನೋಡ್ಕೊ" ಅಂದಳು. ನಾನು ಹೂಂ ಅಂದೆ. ಒಬ್ಬಳೇ ಒಳಗೆ ಏಗುವುದು ಸುಲಭವಲ್ಲ ಎಂದು ಗೊತ್ತಿದ್ದೇ ಅಂದೆ.

ಆ ದಿನಗಳಲ್ಲೇ ಅವಳು ಪುಸ್ತಕದ ಕಥೆ ಹೇಳತೊಡಗಿದ್ದು. ಮಧ್ಯಾಹ್ನ ಜಗಲಿಯಲ್ಲಿ ನಾಲ್ಕೈದು ಹೆಂಗಸರು ಕೂತು ಸೊಪ್ಪು ಹೆಚ್ಚುತ್ತಿದ್ದೆವು. ಪಿಳ್ಳಮ್ಮನಿಗೆ ಯಾವ ಭಾಷೆಯ ಅಕ್ಷರವೂ ಬರುತ್ತಿರಲಿಲ್ಲ, ಹಾಗಾಗಿ ಜಪಾನಿನ ಅಕ್ಷರ ಅವಳನ್ನು ಹೆದರಿಸಲಿಲ್ಲ. ಪುಸ್ತಕವನ್ನು ನಾವೆಲ್ಲ ತೆರೆಯುವ ಹಾಗೆ ಎಡಗಡೆಯಿಂದ ತೆರೆದು, ಬೆರಳಿಟ್ಟು ಒಂದೊಂದು ಚಿತ್ರವನ್ನೂ ಮಾತಾಡಿಸಿದಳು.

ಮೊದಲನೇ ಪುಟದಲ್ಲಿ ಒಂದು ಸೇತುವೆ. ಅದರ ಮೇಲೆ ಆ ಹುಡುಗಿಯೂ ಒಬ್ಬ ಹೆಂಗಸೂ ತಬ್ಬಿಕೊಂಡು ನಿಂತಿದ್ದಾರೆ. "ಇವ್ಳು ತಾಯಿ" ಅಂದಳು ಪಿಳ್ಳಮ್ಮ. ಪುಟ ತಿರುವಿದರೆ ತಾಯಿ ಸೇತುವೆಯ ಆ ತುದಿಗೆ, ಮಗಳು ಈ ತುದಿಗೆ. ಇನ್ನೊಂದು ಪುಟಕ್ಕೆ ತಾಯಿ ಇಲ್ಲವೇ ಇಲ್ಲ. ಹುಡುಗಿ ಒಬ್ಬಳೇ ಬಿಳೀ ಬಯಲಿನಲ್ಲಿ ನಡೆಯುತ್ತಿದ್ದಾಳೆ. ಆಕಾಶದಿಂದ ಬಿಳೀದು ಉದುರುತ್ತಿದೆ. ಅದು ಏನು ಎಂದು ಯಾರೋ ಕೇಳಿದರು. "ಅವರೂರಲ್ಲಿ ಮೇಲ್ಗಡೆ ಹತ್ತಿ ಹಿಂಜ್ತಾರೆ" ಅಂದಳು, ಒಂದು ಕ್ಷಣವೂ ತಡಮಾಡದೆ.

ಕಥೆಯಲ್ಲಿ ಒಂದಷ್ಟು ಎಡವಟ್ಟುಗಳಿದ್ದವು. ಹುಡುಗಿಯ ಕಾಲಿಗೆ ಮೊದಲು ಬಟ್ಟೆಯ ಪಟ್ಟಿ ಇತ್ತು, ನಾಲ್ಕು ಪುಟ ಆದ ಮೇಲೆ ಬಂಡೆಯಿಂದ ಬಿದ್ದಳು. "ಬೀಳ್ತೀನಿ ಅಂತ ಗೊತ್ತಿತ್ತು, ಅದಕ್ಕೆ ಕಟ್ಕೊಂಡೇ ಹೊರಟಿದ್ಲು. ನಮ್ಮಂಗೆ ಬಿದ್ದ ಮೇಲೆ ಬಟ್ಟೆ ಹುಡುಕೋ ಜಾತಿ ಅಲ್ಲ ಅದು" ಅಂದಳು. ನಾಯಿ ಮೊದಲು ಬಿಳೀ ನೆಲದ ಮೇಲೆ ಸತ್ತ ಹಾಗೆ ಬಿದ್ದಿತ್ತು, ಹುಡುಗಿ ಅದರ ಮೇಲೆ ಬಿದ್ದು ಅಳುತ್ತಿದ್ದಳು. ಮುಂದಿನ ಪುಟದಲ್ಲಿ ಎದ್ದು ಓಡಾಡುತ್ತಿತ್ತು. "ಅತ್ತಿದ್ದು ಕೇಳಿಸ್ತು, ಎದ್ಕೊಂತು" ಅಂದಳು. ಆವತ್ತು ಹೆಂಗಸರಿಗೆಲ್ಲ ಎಷ್ಟು ಸಂತೋಷವಾಯಿತೆಂದರೆ ಹೆಚ್ಚಿದ ಸೊಪ್ಪು ಬಾಡುತ್ತಿದೆ ಎಂದು ಯಾರಿಗೂ ನೆನಪಾಗಲಿಲ್ಲ.

ಪುಟದ ಕೆಳಗೆ ಅಲ್ಲಲ್ಲಿ ಇಂಗ್ಲಿಷ್ ಅಂಕಿ ಇದ್ದವು. ಅದನ್ನು ಗಮನಿಸಿದವಳು ನಾನೊಬ್ಬಳೇ, ಯಾಕೆಂದರೆ ಅಂಕಿ ಬರುತ್ತಿದ್ದುದು ನನಗೊಬ್ಬಳಿಗೇ. ನೂರೆಂಬತ್ತೆಂಟು, ನೂರೆಂಬತ್ತಾರು, ನೂರೆಂಬತ್ತಮೂರು. ಇಳಿಯುತ್ತಾ ಬರುತ್ತಿದ್ದವು. ಪಿಳ್ಳಮ್ಮ ಅದೇನು ಎಂದು ಕೇಳಿದಾಗ ನನ್ನ ಏಳನೇ ಕ್ಲಾಸು ಬಾಯಿ ಬಿಟ್ಟಿತು. "ಹುಳ ಹಣ್ಣಾಗಿ ಗೂಡು ಕಟ್ಟೋಕೆ ಇನ್ನು ಹತ್ತು ದಿನ, ಒಂಬತ್ತು ದಿನ ಅಂತ ನಾವೂ ಇಳಿಸ್ಕೊಂಡೇ ಎಣಿಸ್ತೀವಲ್ಲ ಅತ್ಗೆ. ಜಪಾನಿನವರೂ ಹುಳ ಸಾಕೋ ಜನ. ಕಥೆ ಮುಗಿಯೋಕೆ ಇನ್ನೆಷ್ಟು ಪುಟ ಐತೆ ಅಂತ ಹಾಕವ್ರೆ" ಅಂದೆ. ಎಲ್ಲರೂ ತಲೆದೂಗಿದರು. ಓದಿದವಳು ಹೇಳಿದ ಮೇಲೆ ಇನ್ನೇನು.

ಮೂರನೇ ಜ್ವರದ ಹಿಂದಿನ ದಿನ ಕಥೆ ಕೊನೆಯ ಪುಟಗಳಿಗೆ ಬಂತು. ಪಿಳ್ಳಮ್ಮ ಬೆಳಿಗ್ಗೆಯೇ ಮಗಳಿಗೆಂದು ಹಸಿರು ಬಳೆ ತರಿಸಿ ಇಟ್ಟಿದ್ದಳು. ಪುಸ್ತಕದ ಹುಡುಗಿ ಈಗ ಒಂದು ದೊಡ್ಡ ಮಾಳಿಗೆ ಮನೆ ಸೇರಿದ್ದಳು. ಒಬ್ಬಳು ಮುದುಕಿ ಬಾಗಿಲಲ್ಲಿ ನಿಂತಿದ್ದಳು. ಮುಂದಿನ ಚಿತ್ರದಲ್ಲಿ ಹುಡುಗಿ ಮರದ ಮೆಟ್ಟಿಲ ನಡುವೆ ಇದ್ದಳು, ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಕೊನೆಯ ಪುಟದಲ್ಲಿ ಅವಳು ಮಾಳಿಗೆಯ ಕಿಟಕಿಯಲ್ಲಿದ್ದಳು. ಕೆಳಗೆ ದೂರದ ದಾರಿಯಲ್ಲಿ ಗೋಧಿ ಕಾಳಿನಷ್ಟು ಸಣ್ಣಗೆ ಒಬ್ಬ ಹೆಂಗಸು.

ಪಿಳ್ಳಮ್ಮನ ಬೆರಳು ಆ ಗೋಧಿ ಕಾಳಿನ ಮೇಲೆ ನಿಂತುಬಿಟ್ಟಿತು.

"ತಾಯಿ ಬಂದವ್ಳೆ. ಅಷ್ಟು ದೂರ ನಡ್ಕೊಂಡು ಬಂದು ದಾರೀಲಿ ನಿಂತವ್ಳೆ. ಮಗಳು ನೋಡಿದ್ಲು." ಒಂದು ಪುಟ ಹಿಂದಕ್ಕೆ ತಿರುವಿ ಮೆಟ್ಟಿಲ ಚಿತ್ರ ತೋರಿಸಿದಳು. "ನೋಡಿದ್ಲು, ಮೆಟ್ಟಿಲು ಹತ್ತಿ ಮೇಲಕ್ಕೆ ಹೋಗ್ಬಿಟ್ಲು. ಇಳಿದು ಬರ್ಲಿಲ್ಲ."

ಮುಂದೆ ಪುಟವಿರಲಿಲ್ಲ. ಹೆಂಗಸರು ಆ ಹುಡುಗಿಗೆ ಒಂದಷ್ಟು ಬೈದು ಎದ್ದುಹೋದರು. ಮಾರನೇ ದಿನ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಪಿಳ್ಳಮ್ಮ ಹಿತ್ತಲಲ್ಲಿ ಕೂತು ಬೂದಿ ಹಾಕಿ ಪಾತ್ರೆ ಉಜ್ಜುತ್ತಿದ್ದಳು. ಹೊರಡಲ್ಲವಾ ಎಂದರೆ, "ಬೇಡ ಕಣೆ. ಅಜ್ಜಿ ಮನೇಲಿ ಚೆನ್ನಾಗವ್ಳೆ. ಎಂಟು ವರ್ಷ ಆದ್ಮೇಲೆ ಹೋಗಿ ಬೀದೀಲಿ ನಿಂತ್ಕೊಂಡ್ರೆ ಯಾರು ಇಳಿದು ಬರ್ತಾರೆ" ಅಂದಳು. ಚಿತ್ರದ ಪುಸ್ತಕ ನೋಡಿ ಯಾರಾದರೂ ಮಗಳನ್ನು ಬಿಡುತ್ತಾರಾ ಎಂದು ನೀವು ಕೇಳಬಹುದು. ಅವಳು ಎಂಟು ವರ್ಷದಿಂದ ಹೆದರಿಕೊಂಡೇ ಕೂತಿದ್ದಳು. ಹೆದರಿಕೆ ನಿಜ ಎನ್ನಲು ಒಂದು ಸಾಕ್ಷಿ ಬೇಕಾಗಿತ್ತು, ಸಿಕ್ಕಿತು. ಅಣ್ಣ ಎರಡು ಸಲ ಹೇಳಿ ನೋಡಿ ಸುಮ್ಮನಾದ.

ಜನವರಿ ಒಂದನೇ ತಾರೀಕು ನಾಲ್ಕನೇ ಜ್ವರ. ಆವತ್ತು ಕೇಂದ್ರದಲ್ಲಿ, ಓದು ಬರುವ ಹೆಂಗಸರಿಗೆ ಮರಿಹುಳ ಸಾಕುವ ಪಾಠ ಇಟ್ಟಿದ್ದರು. ಹುಳ ಮಲಗಿತ್ತಲ್ಲ, ನಾನು ಹೋದೆ. ಹೊಸ ಸೀರೆ ಉಟ್ಟೇ ಹೋದೆ, ಅಷ್ಟು ಸಡಗರ. ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಹಗಲನ್ನೇ ಕತ್ತಲೆ ಮಾಡಿದ್ದರು. ಒಂದು ಯಂತ್ರ ಗರಗರ ಎನ್ನುತ್ತಾ ಗೋಡೆಯ ಮೇಲೆ ಹುಳದ ಸಿನಿಮಾ ತೋರಿಸಿತು. ಹುಳ ನೋಡಿ ನೋಡಿ ಸಾಕಾದ ನಮಗೆ ಗೋಡೆಯ ಮೇಲೂ ಹುಳ. ಅರ್ಧ ಜನ ತೂಕಡಿಸಿದರು. ಆಮೇಲೆ ಕೇಂದ್ರದ ಡೆಮಾನ್‌ಸ್ಟ್ರೇಟರ್ ಗೋಪಾಲಪ್ಪನವರು ಎದ್ದು ನಿಂತು, "ಇವತ್ತು ಹೊಸ ವರ್ಷ. ಜಪಾನಿನ ಮೇಡಮ್ಮೋರು ನಿಮಗೆ ಅಂತ ಒಂದು ಆಟದ ಪಿಚ್ಚರ್ ಹಾಕಿಸ್ತಾರೆ. ಇದು ಮೊದಲು ಪುಸ್ತಕವಾಗಿ ಬಂದಿದ್ದಂತೆ. ಚಿತ್ರಾನೇ ಕುಣಿಯೋ ಹಂಗೆ ಮಾಡವ್ರೆ. ಅವರ ದೇಶದಲ್ಲಿ ಮನೆಮನೇಲೂ ಒಂದು ಪೆಟ್ಟಿಗೆ ಇರುತ್ತಂತೆ, ಅದ್ರಲ್ಲಿ ವಾರಕ್ಕೊಂದು ತುಂಡು ತೋರಿಸ್ತಾರಂತೆ" ಅಂದರು.

ಗೋಡೆಯ ಮೇಲೆ ಒಂದು ಮಾಳಿಗೆ ಮನೆ ಬಂತು. ಕಿಟಕಿ ಬಂತು. ಕಿಟಕಿಯಲ್ಲಿ ಅವಳು, ಮುಖದ ಅರ್ಧ ಕಣ್ಣು, ಕುತ್ತಿಗೆಗೆ ಬಟ್ಟೆ. ನಮ್ಮ ಗೂಡಿನಲ್ಲಿದ್ದ ಹುಡುಗಿ ಇಲ್ಲಿ ಕಣ್ಣು ಮಿಟುಕಿಸುತ್ತಿದ್ದಳು.

ದಾರಿಯಲ್ಲಿ ಆ ಹೆಂಗಸು ಇದ್ದಳು. ಅವಳು ಬರುತ್ತಿರಲಿಲ್ಲ, ಹೋಗುತ್ತಿದ್ದಳು. ಗಂಟು ಹೊತ್ತುಕೊಂಡು, ತಿರುಗಿ ತಿರುಗಿ ನೋಡುತ್ತಾ, ಸಣ್ಣಗಾಗುತ್ತಾ ಆಗುತ್ತಾ ಗೋಧಿ ಕಾಳಿನಷ್ಟಾದಳು. ಹುಡುಗಿ ಕಿಟಕಿಯಿಂದ ಹಿಂದಕ್ಕೆ ತಿರುಗಿದಳು. ಮರದ ಮೆಟ್ಟಿಲಿಗೆ ಬಂದಳು. ಪುಸ್ತಕದಲ್ಲಿ ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟು ನಿಂತಿದ್ದವಳು ಇಲ್ಲಿ ನಿಲ್ಲಲಿಲ್ಲ. ದಡದಡ ಇಳಿದಳು. ಮುದುಕಿಯನ್ನು ದಾಟಿ ಬೀದಿಗೆ ಓಡಿದಳು. ಹಿಂದೆಯೇ ನಾಯಿ ಓಡಿತು. ಅಷ್ಟಕ್ಕೆ ದೀಪ ಹಾಕಿದರು.

"ಸಾರ್, ಇದು ಕೊನೇ ತುಂಡಲ್ವಾ" ಎಂದು ಕೇಳಿದೆ.

"ಕೊನೇದು ಹೆಂಗಮ್ಮ ಆಯ್ತದೆ. ಈಗ ತಾನೆ ಮನೆಯಿಂದ ಹೊರಟವ್ಳೆ."

ನಾನು ಬಿಡದೆ, ಕೊನೆಗೆ ಇಬ್ಬರೂ ಸೇತುವೆ ಮೇಲೆ ಸಿಗುತ್ತಾರಾ ಕೇಳಿ ಎಂದೆ. ಗೋಪಾಲಪ್ಪನವರು ಪಕ್ಕದಲ್ಲಿದ್ದ ಜಪಾನಿನ ಮೇಡಮ್ಮನಿಗೆ ಇಂಗ್ಲಿಷಿನಲ್ಲಿ ಏನೋ ಅಂದರು. ಆಯಮ್ಮ ಬೆರಗಾಗಿ ನನ್ನನ್ನು ನೋಡಿದರು. ಎರಡೂ ಕೈ ಹಿಡಿದುಕೊಂಡು ಹೌದು ಹೌದು ಎಂದು ತಲೆ ಆಡಿಸಿದರು. ಒಳಗೆ ಹೋಗಿ ಅಂಥದ್ದೇ ಇನ್ನೊಂದು ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟರು. ನಾನು ತೆರೆಯಲು ಹೋದರೆ ನಕ್ಕು, ನನ್ನ ಕೈಯಿಂದ ತೆಗೆದುಕೊಂಡು, ಬಲಗಡೆಯಿಂದ ತೆರೆದು ತೋರಿಸಿದರು. ಮೊದಲನೇ ಪುಟ ಅಲ್ಲಿತ್ತು. ಕೆಳಗೆ ಒಂದು ಎಂಬ ಅಂಕಿಯೂ ಇತ್ತು.

ಮನೆಗೆ ಬಂದಾಗ ಇಳಿಹೊತ್ತು. ಪಿಳ್ಳಮ್ಮ ತೋಟಕ್ಕೆ ಹೋಗಿದ್ದಳು. ಗೂಡಿನಿಂದ ಪುಸ್ತಕ ತೆಗೆದು, ಕಿಟಕಿಯ ಬೆಳಕಿಗೆ ಕೂತು, ಬಲಗಡೆಯಿಂದ ಇಡೀ ಪುಸ್ತಕ ತಿರುವಿದೆ. ಎಲ್ಲವೂ ಸರಿಹೋಯಿತು. ಹುಡುಗಿ ಬಿದ್ದ ಮೇಲೆ ಪಟ್ಟಿ ಕಟ್ಟಿದರು. ನಾಯಿ ಮಾತ್ರ ಪಾಪ, ಸತ್ತೇಹೋಯಿತು. ಕೊನೆಗೆ ಸೇತುವೆ, ತಾಯಿ, ಮಗಳು. ಆ ಹುಡುಗಿ ನೂರೆಂಬತ್ತು ಪುಟ ತಾಯಿಯನ್ನು ಹುಡುಕಿಕೊಂಡು ನಡೆದಿದ್ದಳು. ನಾವು ಅವಳನ್ನು ನೂರೆಂಬತ್ತು ಪುಟ ಹಿಂದಕ್ಕೆ ನಡೆಸಿದ್ದೆವು.

ಆ ಸಾಯಂಕಾಲವೇ ಹೇಳಬೇಕಾಗಿತ್ತು. ಹೇಳಲಿಲ್ಲ.

ಜ್ವರ ಬಿಟ್ಟ ಹುಳ ಮಾರನೇ ದಿನದಿಂದ ಎಂಟು ದಿನ ಹಗಲು ರಾತ್ರಿ ತಿನ್ನುತ್ತದೆ. ಪಿಳ್ಳಮ್ಮ ಸೂಲಿಬೆಲೆಗೆ ಹೋದರೆ ಒಳಗೆ ನಾನೊಬ್ಬಳೇ, ಬೆಳೆ ಕೈಬಿಟ್ಟಂತೆ. ಮಾಘ ಮಾಸದಲ್ಲಿ ತ್ಯಾಮಗೊಂಡ್ಲಿನ ಗಂಡಿಗೆ ನನ್ನನ್ನು ಕೊಡುವುದೆಂದು ಮಾತಾಗಿತ್ತು, ಅದು ನಿಂತಿದ್ದುದು ಈ ಬೆಳೆಯ ಮೇಲೆ. ಇದನ್ನು ನಾನು ಎಷ್ಟೋ ವರ್ಷ ನನಗೇ ಕಾರಣವಾಗಿ ಹೇಳಿಕೊಂಡೆ. ಆದರೆ ಅದಕ್ಕಿಂತ ನೀಚವಾದದ್ದು ಇನ್ನೊಂದಿತ್ತು. ಅಂಕಿ ಇಳಿಯುವುದನ್ನು ನೋಡಿಯೂ ಬೀದಿಯ ಹೆಂಗಸರ ಮುಂದೆ ಪಂಡಿತಳ ಹಾಗೆ ಅರ್ಥ ಹೇಳಿದವಳು ನಾನು. ತಪ್ಪಾಯಿತು ಎನ್ನಲು ನಾಚಿಕೆ. ಸಂಕ್ರಾಂತಿಗೆ ಇನ್ನೂ ಹದಿಮೂರು ದಿನ ಇದೆಯಲ್ಲ ಅಂದುಕೊಂಡೆ. ಹುಳವನ್ನು ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಬಿಟ್ಟ ಮೇಲೆ ಹೇಳಿದರಾಯಿತು. ಹನ್ನೆರಡು, ಹನ್ನೊಂದು, ಹತ್ತು ಎಂದು ಇಳಿಸಿಕೊಂಡು ಎಣಿಸಿದೆ.

ಒಂಬತ್ತನೇ ತಾರೀಕು ಹಣ್ಣಾದ ಹುಳಗಳನ್ನೆಲ್ಲ ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟು ಮುಗಿಸಿದೆವು. ಆವತ್ತು ಸಾಯಂಕಾಲ ಪುಸ್ತಕ ತಂದು ಪಿಳ್ಳಮ್ಮನ ಮುಂದಿಟ್ಟು ಹೇಳಿದೆ. ಕೇಂದ್ರದಲ್ಲಿ ನೋಡಿದ್ದು, ಆಯಮ್ಮ ತೆರೆದು ತೋರಿಸಿದ್ದು, ಎಲ್ಲ. ನಾನು ಮುಗಿಸಿದ ಮೇಲೆ ಅವಳು ಮೊದಲು ಕೇಳಿದ್ದು ಇಷ್ಟು.

"ಮೆಟ್ಟಿಲು ಇಳೀತಾಳಾ?"

"ಇಳೀತಾಳೆ ಅತ್ಗೆ. ಓಡ್ಕೊಂಡು ಇಳೀತಾಳೆ."

"ಆವತ್ತೇ ಯಾಕೆ ಹೇಳ್ಲಿಲ್ಲ?"

"ಆವತ್ತು ಹೊಳೀಲಿಲ್ಲ. ಇವತ್ತು ಚಂದ್ರಿಕೆಗೆ ಬಿಡ್ತಾ ಇದ್ದಾಗ ಹೊಳೀತು" ಅಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಸರಿ ಎಂದು ಎದ್ದು ಹಸಿರು ಬಳೆಗಳನ್ನು ಹುಡುಕಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮಾರನೇ ದಿನ ಮೊದಲನೇ ಬಸ್ಸಿಗೆ ಇಬ್ಬರೂ ಹೋದೆವು. ಊರ ಮುಂದೆ ಇಳಿದು ಹತ್ತು ಹೆಜ್ಜೆ ನಡೆದರೆ ಅಕ್ಕಯಮ್ಮನ ಮನೆ. ಮಾಳಿಗೆಗೆ ಹೊರಗಿನಿಂದಲೇ ಕಲ್ಲಿನ ಮೆಟ್ಟಿಲು, ಮೇಲೆ ಬೀದಿಗೆ ಒಂದು ಕಿಟಕಿ. ಬಾಗಿಲಿಗೆ ಬೀಗ. ಪಕ್ಕದ ಜಗಲಿಯಲ್ಲಿ ಒಬ್ಬಳು ಮುದುಕಿ ಅವರೆಕಾಯಿ ಸುಲಿಯುತ್ತಿದ್ದಳು. ಪಿಳ್ಳಮ್ಮನನ್ನು ನೋಡಿ ಗುರುತು ಹಿಡಿದಳು.

"ಈಗ ಬಂದ್ಯಾ ತಾಯಿ? ಅಕ್ಕಯಮ್ಮ ಹೋಗಿ ಆರು ದಿನ ಆಯ್ತು. ಹಾಲುತುಪ್ಪ ಬಿಟ್ಟ ಮಾರನೇ ದಿನಾನೇ ಆವಲಪ್ಪ ಮಗೀನ ಮದನಪಲ್ಲಿಗೆ ಕರ್ಕೊಂಡು ಹೋದ. ಇವತ್ತಿಗೆ ಮೂರು ದಿನ."

ಮುದುಕಿ ಸುಮ್ಮನಿರಬಹುದಿತ್ತು. ಅವಳಿಗೇನು ಗೊತ್ತು, ಇನ್ನೂ ಹೇಳಿದಳು.

"ನಿಮ್ಮಮ್ಮ ಬರ್ತಾಳೆ ಅಂತ ಅಜ್ಜಿ ಹೇಳಿದ್ದೇ ತಡ, ಆ ಮಗು ಬಟ್ಟೆ ಗಂಟು ಕಟ್ಕೊಂಡು ಮ್ಯಾಲೆ ಕಿಟಕೀಲಿ ಕೂತ್ಬಿಡ್ತು. ವಿಜಯಪುರದ ಬಸ್ಸು ದಿನಕ್ಕೆ ಎರಡು ಸಲ ತಾನೆ ಬರೋದು. ಎರಡು ಸಲಾನೂ ಹಾರನ್ ಕೇಳಿದ ತಕ್ಷಣ ದಡದಡ ಅಂತ ಮೆಟ್ಟಿಲಿಳ್ಕೊಂಡು ಬರೋದು. ಬಿದ್ದೀಯ ಕಣೆ ಅಂತ ನಾನೇ ಬೈದಿದ್ದೀನಿ."

ಸಾಯಂಕಾಲದ ಬಸ್ಸು ಬರುವ ತನಕ ಪಿಳ್ಳಮ್ಮ ಆ ಕಲ್ಲುಮೆಟ್ಟಿಲ ಕೊನೆಯದರ ಮೇಲೆ ಕೂತಿದ್ದಳು. ನಾನು ಎದುರಿಗೆ ಬೇಲಿಯ ನೆರಳಲ್ಲಿ ನಿಂತಿದ್ದೆ. ಹತ್ತಿರ ಹೋಗಿ ಕೂರಲು ನನಗೆ ಮುಖವಿರಲಿಲ್ಲ. ಮೂರನೇ ತಾರೀಕಿನೊಳಗೆ ಹೋಗಿದ್ದರೆ ಮುದುಕಿಯೂ ಸಿಗುತ್ತಿದ್ದಳು, ಮಗಳೂ ಸಿಗುತ್ತಿದ್ದಳು. ಆ ಲೆಕ್ಕ ನನಗೆ ಅಲ್ಲಿ ನಿಂತೇ ಹೊಳೆಯಿತು, ಈಗಲೂ ಬಿಟ್ಟಿಲ್ಲ.

ಬೆಳೆ ಚೆನ್ನಾಗಿಯೇ ಬಂತು. ಊರಲ್ಲೇ ಅಷ್ಟು ಗಟ್ಟಿ ಗೂಡು ಯಾರಿಗೂ ಆಗಿರಲಿಲ್ಲ. ನನ್ನ ಮದುವೆಯಾಯಿತು. ಧಾರೆ ಸೀರೆಯ ನೆರಿಗೆ ಹಿಡಿದು ಉಡಿಸಿದವಳು ಪಿಳ್ಳಮ್ಮನೇ. ಮದನಪಲ್ಲಿಗೆ ಅಣ್ಣ ಹೇಳಿದಂತೆ ನಾನೇ ಎರಡು ಕಾಗದ ಬರೆದೆ, ಉತ್ತರ ಬರಲಿಲ್ಲ. ಅಣ್ಣ ತಾನೇ ಹೋಗಿ ಬರುತ್ತೇನೆ ಎಂದು ಎದ್ದ. ಅವಳು ಬಿಡಲಿಲ್ಲ. "ಕಾದು ಕಾದು ಸಾಕಾಗಿ ಹೋದವ್ಳು. ಇನ್ನು ಯಾವ ಹಾರನ್ನಿಗೂ ಇಳಿದು ಬರಲ್ಲ" ಅಂದಳು. ಮೂರು ವರ್ಷದ ಮೇಲೆ ಚಿಕ್ಕವೆಂಕಟಪ್ಪ, ಪಾಪಮ್ಮನಿಗೆ ಅಲ್ಲೇ ಮದುವೆಯಾಯಿತಂತೆ ಎಂದು ಸುದ್ದಿ ತಂದ. ನಮಗೆ ಹೇಳಿ ಕಳಿಸಿರಲಿಲ್ಲ.

೧೯೭೮ರಲ್ಲಿ ನನ್ನ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಅವಳಿಗೆ ಆರು ವರ್ಷ, ಕಥೆ ಹೇಳು ಎಂದು ಪಿಳ್ಳಮ್ಮನ ಬೆನ್ನು ಬಿದ್ದಳು. ಪಿಳ್ಳಮ್ಮ ಟ್ರಂಕು ತೆಗೆದು, ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದ ಆ ಪುಸ್ತಕ ತಂದಳು. ಅವಳು ಅದನ್ನು ನಮ್ಮ ಕಡೆಯಿಂದಲೇ, ಎಡಗಡೆಯಿಂದಲೇ ತೆರೆದಳು. ಸೇತುವೆಯ ಮೇಲೆ ತಬ್ಬಿಕೊಂಡು ನಿಂತವರನ್ನು ತೋರಿಸಿದಳು.

"ಇವ್ಳು ತಾಯಿ, ಇವ್ಳು ಮಗಳು. ಸಿಕ್ಕಿದ್ರು." ಅಷ್ಟು ಹೇಳಿ ಪುಸ್ತಕ ಮುಚ್ಚಿದಳು.

"ಆಮೇಲೆ?" ಎಂದಳು ನನ್ನ ಮಗಳು.

"ಆಮೇಲೆ ಏನೂ ಇಲ್ಲ ಕಣೆ. ಸಿಕ್ಕಿದ್ರಲ್ಲ, ಇನ್ನೇನು ಬೇಕು. ಈ ಕಡೆಯಿಂದ ತೆಗೆದ್ರೆ ಮೊದಲೇ ಸಿಗ್ತಾರೆ."

ಇದೆಂಥ ಕಥೆ ಎಂದು ಮುನಿಸಿಕೊಂಡು ಮಗಳು ಆಚೆಗೆ ಓಡಿದಳು. ನನ್ನಿಂದ ತಡೆಯಲಾಗಲಿಲ್ಲ. "ಅತ್ಗೆ, ನಾನು ಆವತ್ತು ಸುಳ್ಳು ಹೇಳಿದ್ದೆ. ಪಿಚ್ಚರ್ ನೋಡಿದ ದಿನಾನೇ ನನಗೆ ಗೊತ್ತಾಗಿತ್ತು. ಎಂಟು ದಿನ ಬಚ್ಚಿಟ್ಕೊಂಡೆ" ಅಂದುಬಿಟ್ಟೆ. ಹೇಳುತ್ತಾ ಹೇಳುತ್ತಾ ಅಳು ಬಂತು.

ಪಿಳ್ಳಮ್ಮ ಪಂಚೆಯನ್ನು ಪುಸ್ತಕಕ್ಕೆ ಸುತ್ತುತ್ತಿದ್ದವಳು ತಲೆ ಎತ್ತಲಿಲ್ಲ.

"ಗೊತ್ತು ಕಣೆ. ಆವತ್ತು ಸಾಯಂಕಾಲ ನೀನು ಕಿಟಕಿ ಹತ್ರ ಕೂತು ಪುಸ್ತಕಾನ ಹಿಂದುಗಡೆಯಿಂದ ತಿರುವ್ತಾ ಇದ್ದೆ. ನಾನು ಸೊಪ್ಪಿನ ಕುಕ್ಕೆ ಹೊತ್ಕೊಂಡು ಬಾಗಿಲಲ್ಲೇ ನಿಂತಿದ್ದೆ. ನಿನ್ನ ಮುಖ ನೋಡಿ ಏನೋ ಐತೆ ಅಂತ ಗೊತ್ತಾಯ್ತು. ಕೇಳ್ಬೋದಿತ್ತು." ಗಂಟು ಹಾಕಿ ಎಳೆದಳು. "ಕೇಳಿದ್ರೆ ಹೊರಡ್ಬೇಕಾಗ್ತದಲ್ಲ ಅಂತ ಹೆದರಿಕೆ ಆಯ್ತು. ಎಂಟು ದಿನ ನೀನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಟ್ರಂಕಿನ ಮುಚ್ಚಳ ಹಾಕಿ, ಮಂಡಿ ಹಿಡಿದುಕೊಂಡು ಎದ್ದಳು. ಹುಳದ ಮನೆಯಲ್ಲಿ ಮೂರನೇ ಜ್ವರ ಬಿಟ್ಟು ಹುಳ ಎದ್ದಿತ್ತು.

"ಸೊಪ್ಪು ಹಾಕೋ ಹೊತ್ತಾಯ್ತು, ಬಾ" ಅಂದಳು. ನಾನು ಕಣ್ಣೊರೆಸಿಕೊಂಡು ಕುಕ್ಕೆ ಎತ್ತಿಕೊಂಡೆ.